ಕಂಪ್ಯೂಟರು ಒಳಗೆ ಬಿಡದಿದ್ದರೆ

ಬೀದರ್ ಜಿಲ್ಲೆಯ ಕೊಡಂಬಲದಂಥ ಊರಿನಲ್ಲಿ ಇಂದು ಪಹಣಿ ಬೇಕೆಂದವರೂ, ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕೆಂದವರೂ, ಬೆಳೆವಿಮೆಯ ಕಂತು ಕಟ್ಟಬೇಕೆಂದವರೂ ಕೊನೆಗೆ ಬಂದು ನಿಲ್ಲುವುದು ಒಂದು ಮೇಜಿನ ಮುಂದೆ. ಆ ಮೇಜಿನ ಮೇಲೆ ಒಂದು ಕಂಪ್ಯೂಟರು. ಅದು ನಡೆದರೆ ಹತ್ತು ಮಂದಿಯ ಕೆಲಸ ನಡೆಯಿತು. ಅದು ನಿಂತರೆ ಹತ್ತು ಮಂದಿ ಬರಿಗೈಯಲ್ಲಿ ಮನೆಗೆ ಹಿಂದಿರುಗಿದರು. ಯಂತ್ರ ಕೆಟ್ಟು ನಿಲ್ಲುವುದು ಒಂದು ಬಗೆ. ಯಂತ್ರ ಚೆನ್ನಾಗಿಯೇ ಇದ್ದು, ವಿದ್ಯುತ್ತೂ ಇದ್ದು, ಪರದೆಯ ಮೇಲೆ ಯಜಮಾನನ ಹೆಸರೂ ಮೂಡಿ, ಆದರೂ ಒಳಗೆ ಬಿಡದೆ ಹೊಸ್ತಿಲಲ್ಲೇ ನಿಲ್ಲಿಸಿಬಿಡುವುದು ಇನ್ನೊಂದು ಬಗೆ. ಈ ಎರಡನೆಯದು ಆಗಾಗ ಎದುರಾಗುವುದು ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನ. ನಿನ್ನೆ ಸಂಜೆಯವರೆಗೆ ಸರಿಯಾಗಿದ್ದ ಪಾಸ್‌ವರ್ಡು ಇಂದು ಬೆಳಗ್ಗೆ ತಪ್ಪು. ಅದೇ ಕೈ, ಅದೇ ಬೆರಳು, ಅದೇ ಅಕ್ಷರ. ಆದರೂ ಒಳಗೆ ಪ್ರವೇಶವಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಕಡೆಯ ಅಂಗಡಿಗಳಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

“ಅಣ್ಣಾ, ಹೊಸಾದು ಹಾಕಿದ ಮ್ಯಾಲ ಪಾಸ್‌ವರ್ಡೇ ತಗೋವಲ್ದು ನೋಡ್ರಿ.”

“ಚಿಂತಿ ಮಾಡಬ್ಯಾಡ್ರಿ, ಫಾರ್ಮ್ಯಾಟ್ ಹೊಡದು ಕೊಡ್ತೀನಿ. ಒಂದು ತಾಸಿನ ಕೆಲಸ.”

ಒಂದು ತಾಸಿನ ಕೆಲಸವೆಂಬುದು ನಿಜ. ಆ ಒಂದು ತಾಸಿನಲ್ಲಿ ಐದು ವರ್ಷದ ಲೆಕ್ಕಪತ್ರ, ಮನೆಯ ಮದುವೆಯ ಚಿತ್ರಗಳು, ಊರವರ ಅರ್ಜಿಗಳ ಪ್ರತಿಗಳು ಎಲ್ಲವೂ ಅಳಿಸಿಹೋಗಬಹುದೆಂಬುದೂ ಅಷ್ಟೇ ನಿಜ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ಮರೆಯುತ್ತೇವೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೆ: ಬಾಗಿಲು ತೆರೆಯಲಿಲ್ಲವೆಂದ ಮಾತ್ರಕ್ಕೆ ಮನೆ ಬಿದ್ದುಹೋಗಿಲ್ಲ. ಒಳಗಿನ ಸಾಮಾನು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಬೀಗ ಎಲ್ಲಿ ಕಚ್ಚಿಕೊಂಡಿದೆಯೆಂಬುದನ್ನು ಸಾವಧಾನದಿಂದ ನೋಡಬೇಕು.

ಇದು ಅರ್ಥವಾಗಬೇಕಾದರೆ ಯಂತ್ರದೊಳಗೆ ಮೂರು ಬೇರೆಬೇರೆ ಸಂಗತಿಗಳಿವೆಯೆಂಬುದನ್ನು ತಿಳಿಯಬೇಕು. ಮೊದಲನೆಯದು ನಮ್ಮ ಕಡತಗಳು. ಇವು ಡಿಸ್ಕಿನ ಮೇಲೆ ನಮ್ಮ ಹೆಸರಿನ ಒಂದು ಫೋಲ್ಡರಿನಲ್ಲಿ ಕುಳಿತಿರುತ್ತವೆ. ಎರಡನೆಯದು ಬಾಗಿಲು ಕಾಯುವವನು. ನಾವು ಕೊಟ್ಟ ಪಾಸ್‌ವರ್ಡು ಸರಿಯೆ, ಅಲ್ಲವೆ ಎಂದು ನೋಡುವುದಷ್ಟೇ ಅವನ ಕೆಲಸ. ಮೂರನೆಯದು ಒಳಗಿನ ಅಂಗಳ. ಎಂದರೆ ಪಾಸ್‌ವರ್ಡು ಒಪ್ಪಿಗೆಯಾದ ಮೇಲೆ ನಮ್ಮ ಕಣ್ಣಿಗೆ ಕಾಣುವ ಚಿತ್ರ, ಪಟ್ಟಿ, ಗುರುತುಗಳೆಲ್ಲ ಸೇರಿದ ಮೇಜುಪರದೆ. ತಂತ್ರಾಂಶವನ್ನು ಏರಿಸಿದಾಗ ಬದಲಾಗುವುದು ಹೆಚ್ಚಾಗಿ ಎರಡನೆಯದು ಮತ್ತು ಮೂರನೆಯದು. ಮೊದಲನೆಯದನ್ನು ಮುಟ್ಟದಿರುವಂತೆಯೇ ಅದನ್ನು ರಚಿಸಿದವರು ಏರ್ಪಾಡು ಮಾಡಿರುತ್ತಾರೆ. ಆದ್ದರಿಂದ ನಮ್ಮ ಮೊದಲ ಪ್ರಶ್ನೆ ‘ಏನು ಹಾಳಾಯಿತು?’ ಎಂದಾಗಬಾರದು, ‘ಕಾವಲುಗಾರ ಬಿಡುತ್ತಿಲ್ಲವೊ, ಇಲ್ಲವೆ ಅವನು ಬಿಟ್ಟ ಮೇಲೂ ಅಂಗಳ ತೆರೆಯುತ್ತಿಲ್ಲವೊ?’ ಎಂದಾಗಬೇಕು. ‘ಪಾಸ್‌ವರ್ಡು ತಪ್ಪು’ ಎಂಬ ಉತ್ತರ ಬಂದರೆ ತೊಂದರೆ ಕಾವಲುಗಾರನ ಬಳಿ. ಉತ್ತರವೇನೂ ಬಾರದೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಅದೇ ಬಾಗಿಲಿಗೆ ಬಂದು ನಿಂತರೆ ತೊಂದರೆ ಅಂಗಳದಲ್ಲಿ. ಇಷ್ಟನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಈ ಕಾವಲಿನ ಪದ್ಧತಿ ಹುಟ್ಟಿದ್ದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, 1960ರ ದಶಕದ ಆರಂಭದಲ್ಲಿ. ಒಂದೇ ದೊಡ್ಡ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸಬೇಕಾಗಿತ್ತು. ಒಬ್ಬರ ಕಾಗದಪತ್ರ ಇನ್ನೊಬ್ಬರ ಕೈಗೆ ಸಿಗಬಾರದೆಂದು ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದವನ್ನು ಕೊಟ್ಟರು. ಸ್ವಾರಸ್ಯವೆಂದರೆ ಅಂದಿನ ಆ ಬಾಗಿಲೂ ತಂತ್ರಾಂಶದ ತೊಡಕಿನಿಂದಲೇ ಒಮ್ಮೆ ಕೆಟ್ಟಿತು. ಆ ದಶಕದ ನಡುವಿನಲ್ಲಿ ಒಂದು ಶುಕ್ರವಾರ ಸಂಜೆ ಇಬ್ಬರು ಕಡತ ತಿದ್ದುತ್ತಿದ್ದಾಗ ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಒಳಬಂದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳೂ ಮೂಡಿಬಿಟ್ಟವು. ಅಂದಮೇಲೆ ಈ ಬಾಗಿಲಿನ ತೊಂದರೆ ನಮ್ಮ ಊರಿನ ಹಣೆಬರಹವೂ ಅಲ್ಲ, ನಮ್ಮ ಅಜ್ಞಾನದ ಫಲವೂ ಅಲ್ಲ. ಬಾಗಿಲಿನಷ್ಟೇ ಹಳೆಯದು ಬಾಗಿಲಿನ ತೊಂದರೆ.

ಇನ್ನು ಪರೀಕ್ಷೆಗೆ ತೊಡಗೋಣ. ಮೊಟ್ಟಮೊದಲು ನೋಡಬೇಕಾದದ್ದು ಕೀಲಿಮಣೆಯನ್ನು. ಇದು ನಮ್ಮ ಗಡಿಸೀಮೆಯವರಿಗೆ ವಿಶೇಷವಾಗಿ ಸಲ್ಲುವ ಮಾತು. ಬಸವಕಲ್ಯಾಣ, ಹುಮನಾಬಾದ್ ಕಡೆಯ ಅಂಗಡಿಯೊಂದರಲ್ಲಿ ಒಂದೇ ಕಂಪ್ಯೂಟರಿನ ಮೇಲೆ ಬೆಳಗ್ಗೆ ಕನ್ನಡದಲ್ಲಿ ಅರ್ಜಿ, ಮಧ್ಯಾಹ್ನ ಮರಾಠಿಯಲ್ಲಿ ಲಗ್ನಪತ್ರಿಕೆ, ಸಂಜೆ ಉರ್ದುವಿನಲ್ಲಿ ಕರಪತ್ರ ಸಿದ್ಧವಾಗುವುದುಂಟು. ಆ ಯಂತ್ರದಲ್ಲಿ ಮೂರು ನಾಲ್ಕು ಲಿಪಿಗಳ ಕೀಲಿಮಣೆಗಳು ಹೊಕ್ಕಿರುತ್ತವೆ. ಹೊಸ ಆವೃತ್ತಿ ಬಂದಾಗ ಅವುಗಳ ಸಾಲು ಹಿಂದುಮುಂದಾಗಿ, ಬಾಗಿಲಿನ ಬಳಿ ಇಂಗ್ಲಿಷಿನ ಬದಲು ಕನ್ನಡವೋ ದೇವನಾಗರಿಯೋ ಮೊದಲು ನಿಲ್ಲಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇಂಗ್ಲಿಷಿನ ‘ಎಚ್’ ಬರೆದಿರುವ ಕೀಲಿಯನ್ನು ಒತ್ತಿದರೆ ‘ಪ’ ಮೂಡುತ್ತದೆ, ‘ಎಲ್’ ಬರೆದಿರುವುದನ್ನು ಒತ್ತಿದರೆ ‘ತ’ ಮೂಡುತ್ತದೆ. ಆದರೆ ಪಾಸ್‌ವರ್ಡಿನ ಮನೆಯಲ್ಲಿ ಅಕ್ಷರ ಕಾಣುವುದಿಲ್ಲ, ಬರಿಯ ಚುಕ್ಕಿಗಳು ಕಾಣುತ್ತವೆ. ನಾವು ಇಂಗ್ಲಿಷ್ ಕೊಟ್ಟೆವೆಂದು ತಿಳಿದಿದ್ದೇವೆ; ಯಂತ್ರಕ್ಕೆ ಮುಟ್ಟಿದ್ದು ಕನ್ನಡ. ತಪ್ಪು ಯಾರದೂ ಅಲ್ಲ, ಆದರೂ ಬಾಗಿಲು ತೆರೆಯುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ವಿಂಡೋಸ್ ಇರುವ ಯಂತ್ರದಲ್ಲಿ ಒಳಹೋಗುವ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಭಾಷೆಯ ಸಣ್ಣ ಗುರುತಿರುತ್ತದೆ. ಉಬುಂಟುವಿನಲ್ಲಿ ಅದು ಮೇಲ್ಗಡೆ ಬಲಭಾಗದಲ್ಲಿರುತ್ತದೆ. ಅದನ್ನು ಒತ್ತಿ ಇಂಗ್ಲಿಷನ್ನು ಆರಿಸಿಕೊಳ್ಳಿ. ಇಂಗ್ಲಿಷಿನಲ್ಲಿಯೂ ಎರಡು ಬಗೆಯುಂಟು. ಅಮೆರಿಕದ ವಿನ್ಯಾಸದಲ್ಲಿ ಶಿಫ್ಟ್ ಒತ್ತಿ ಎರಡರ ಅಂಕಿಯನ್ನು ಒತ್ತಿದರೆ ಇ-ಮೇಲ್ ವಿಳಾಸದಲ್ಲಿ ಬರುವ ‘ಅಟ್’ ಚಿಹ್ನೆ ಬರುತ್ತದೆ. ಬ್ರಿಟನ್ನಿನ ವಿನ್ಯಾಸದಲ್ಲಿ ಅದೇ ಕೀಲಿಗೆ ಉದ್ಧರಣ ಚಿಹ್ನೆ ಬರುತ್ತದೆ. ನಮ್ಮಲ್ಲಿ ಬಹಳ ಮಂದಿಯ ಪಾಸ್‌ವರ್ಡಿನಲ್ಲಿ ಹೆಸರು, ‘ಅಟ್’ ಚಿಹ್ನೆ, ನಾಲ್ಕು ಅಂಕಿ ಎಂಬ ಕ್ರಮವೇ ಇರುವುದರಿಂದ ಈ ಒಂದು ಚಿಹ್ನೆ ಎಷ್ಟು ಜನರನ್ನು ಹೊರಗೆ ನಿಲ್ಲಿಸೀತೆಂಬುದನ್ನು ನೀವೇ ಊಹಿಸಬಹುದು. ಪಾಸ್‌ವರ್ಡಿನ ಮನೆಯ ಪಕ್ಕದಲ್ಲಿ ಕಣ್ಣಿನ ಗುರುತಿದ್ದರೆ ಅದನ್ನು ಒತ್ತಿ ನೋಡಿ. ನೀವು ನಿಜವಾಗಿ ಬರೆದದ್ದೇನೆಂಬುದು ಕಾಣುತ್ತದೆ. ಕ್ಯಾಪ್ಸ್ ಲಾಕಿನ ದೀಪ ಹತ್ತಿದೆಯೆ, ಅಂಕಿಗಳ ಭಾಗದ ನಮ್ ಲಾಕ್ ಆರಿದೆಯೆ ಎಂಬುದನ್ನೂ ನೋಡಿ. ಫಾರ್ಮ್ಯಾಟಿಗೆ ಹೊರಟ ಯಂತ್ರ ಇಷ್ಟರಲ್ಲಿಯೇ ಸರಿಹೋಗುವುದುಂಟು.

ಕೀಲಿಮಣೆ ಸರಿಯಾಗಿದ್ದೂ ಬಾಗಿಲು ತೆರೆಯಲಿಲ್ಲವೆನ್ನಿ. ಆಗ ವಿಂಡೋಸ್ ಬಳಸುವವರು ಇನ್ನೊಂದು ಸಂಗತಿಯನ್ನು ನೆನಪಿಸಿಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ಕಾರಣದಿಂದ ಅನೇಕರು ವಿಂಡೋಸ್ 11ಕ್ಕೆ ಏರಿದರು. ಹಲವು ವರ್ಷಗಳಿಂದ ಇವರು ಒಳಹೋಗುತ್ತಿದ್ದುದು ನಾಲ್ಕಂಕಿಯ ಪಿನ್ನಿನಿಂದ. ಪಿನ್ನು ಬೇರೆ, ಪಾಸ್‌ವರ್ಡು ಬೇರೆ. ಪಿನ್ನು ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಅದರ ಗುಟ್ಟನ್ನು ಯಂತ್ರದೊಳಗಿನ ಟಿಪಿಎಂ ಎಂಬ ರಕ್ಷಣಾ ಚಿಪ್ಪು ಕಾಪಾಡುತ್ತದೆ. ಪಾಸ್‌ವರ್ಡು ಖಾತೆಗೆ ಸೇರಿದ್ದು. ಯಂತ್ರದ ಒಳತಂತ್ರಾಂಶವನ್ನು ತಿದ್ದಿದಾಗ ಅಥವಾ ಆ ಚಿಪ್ಪು ತನ್ನ ನೆನಪನ್ನು ಕಳೆದುಕೊಂಡಾಗ ‘ಪಿನ್ನು ಲಭ್ಯವಿಲ್ಲ’ ಎಂಬ ಸೂಚನೆ ಬರುತ್ತದೆ. ಆಗ ಪಾಸ್‌ವರ್ಡು ಬೇಕು. ಆದರೆ ಅದನ್ನು ಬಳಸಿ ಐದು ವರ್ಷವಾಗಿರುತ್ತದೆ. ನೆನಪು ಎಲ್ಲಿಂದ ಬರಬೇಕು?

ನೆನಪಿಲ್ಲದಿದ್ದರೂ ದಾರಿಯುಂಟು. ಮೊದಲು ಪರದೆಯ ಮೇಲೆ ಒಳಹೋಗುವ ಬೇರೆ ಆಯ್ಕೆಗಳನ್ನು ತೋರಿಸುವ ಗುರುತನ್ನು ಒತ್ತಿ ಪಾಸ್‌ವರ್ಡನ್ನು ಕೊಟ್ಟು ನೋಡಿ. ಅದು ಮೈಕ್ರೋಸಾಫ್ಟ್ ಖಾತೆಯಾಗಿದ್ದರೆ ನಿಮ್ಮ ಫೋನಿನಿಂದಲೇ ಹೊಸ ಪಾಸ್‌ವರ್ಡನ್ನು ಮಾಡಿಕೊಳ್ಳಬಹುದು. ಆದರೆ ಆ ಹೊಸ ಪಾಸ್‌ವರ್ಡಿನ ಸುದ್ದಿ ಯಂತ್ರಕ್ಕೆ ಮುಟ್ಟಬೇಕಾದರೆ ಯಂತ್ರ ಅಂತರ್ಜಾಲಕ್ಕೆ ಸೇರಿರಬೇಕು. ಬಾಗಿಲಿನ ಪರದೆಯಲ್ಲಿಯೇ ಜಾಲಕ್ಕೆ ಸೇರಿಸುವ ಗುರುತಿದೆ. ಫೋನಿನ ಹಾಟ್‌ಸ್ಪಾಟಿನಿಂದಲೂ ಸೇರಿಸಬಹುದು. ಖಾತೆ ಆ ಯಂತ್ರದ್ದೇ ಸ್ಥಳೀಯ ಖಾತೆಯಾಗಿದ್ದರೆ, ಮೊದಲು ಆರಿಸಿಕೊಂಡ ಪ್ರಶ್ನೆಗಳಿಗೆ ಉತ್ತರ ಹೇಳಿ ಹೊಸದನ್ನು ಪಡೆಯಬಹುದು.

ಕೆಲವೊಮ್ಮೆ ಬಾಗಿಲೇನೋ ತೆರೆಯುತ್ತದೆ, ಆದರೆ ಮನೆ ಬರಿದಾಗಿ ಕಾಣುತ್ತದೆ. ಚಿತ್ರವಿಲ್ಲ, ಕಡತವಿಲ್ಲ, ಎಲ್ಲ ಹೊಸದು. ನೋಡಿದವರ ಎದೆ ಧಸಕ್ಕೆನ್ನುತ್ತದೆ. ನಿಮ್ಮ ಫೋಲ್ಡರನ್ನು ಸರಿಯಾಗಿ ತೆರೆಯಲಾಗದೆ ವಿಂಡೋಸ್ ನಿಮಗೆ ಒಂದು ತಾತ್ಕಾಲಿಕ ಕೋಣೆಯನ್ನು ಕೊಟ್ಟಿದೆ ಎಂದು ಇದರ ಅರ್ಥ. ನಿಮ್ಮ ನಿಜವಾದ ಫೋಲ್ಡರು ಸಿ ಡ್ರೈವಿನ ‘ಯೂಸರ್ಸ್’ ಎಂಬಲ್ಲಿ ನಿಮ್ಮ ಹೆಸರಿನಲ್ಲಿಯೇ ಇರುತ್ತದೆ. ಹೋಗಿ ನೋಡಿ, ಧೈರ್ಯ ಬರುತ್ತದೆ. ಈ ತಾತ್ಕಾಲಿಕ ಕೋಣೆಯಲ್ಲಿ ಮಾತ್ರ ಯಾವ ಕೆಲಸವನ್ನೂ ಉಳಿಸಬೇಡಿ. ಹೊರಬಂದೊಡನೆ ಅಲ್ಲಿ ಇಟ್ಟದ್ದು ಅಳಿದುಹೋಗುತ್ತದೆ. ಯಂತ್ರವನ್ನು ಒಂದೆರಡು ಸಾರಿ ಆರಿಸಿ ಹಚ್ಚಿ ನೋಡಿ. ಆಗಲೂ ಸರಿಹೋಗದಿದ್ದರೆ ನಿಮ್ಮ ಫೋಲ್ಡರನ್ನು ಒಂದು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಕೊಂಡ ಮೇಲೆ ಬಲ್ಲವರ ಕೈಗೆ ಕೊಡಿ.

ಈಗ ಲಿನಕ್ಸಿನ ಮಾತು. ವಿಂಡೋಸ್ 11 ಟಿಪಿಎಂ 2.0 ಚಿಪ್ಪನ್ನು ಬೇಡುವುದರಿಂದ ಅದಕ್ಕೆ ಹೊಂದದ ಹಳೆಯ ಯಂತ್ರಗಳಿಗೆ ಉಬುಂಟುವಿನಂಥ ಉಚಿತ ವ್ಯವಸ್ಥೆಯನ್ನು ಹಾಕಿಸುವವರಿದ್ದಾರೆ. ಕನ್ನಡದ ಮಕ್ಕಳಿಗೆ ಇದು ಹೊಸದಲ್ಲ. ಕೇರಳದ ಕೈಟ್ ಸಂಸ್ಥೆ ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗಾಗಿ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿಯೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರು ಕಲಿಯುತ್ತಾರೆ. ಈ ಲಿನಕ್ಸ್ ಯಂತ್ರಗಳಲ್ಲಿ ಆವೃತ್ತಿ ಬದಲಾದ ಮೇಲೆ ಕಾಣಿಸುವ ಪ್ರಸಿದ್ಧ ತೊಂದರೆಯೆಂದರೆ ಗಾಣದ ಎತ್ತಿನಂತೆ ಸುತ್ತುವುದು. ಪಾಸ್‌ವರ್ಡನ್ನು ಕೊಡುತ್ತೀರಿ, ತಪ್ಪೆನ್ನುವುದಿಲ್ಲ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಅದೇ ಬಾಗಿಲಿನ ಮುಂದೆ ನಿಂತಿರುತ್ತೀರಿ. ಮೊದಲು ಹೇಳಿದ ಲೆಕ್ಕದಂತೆ ಇದು ಅಂಗಳದ ತೊಂದರೆ, ಕಾವಲುಗಾರನದಲ್ಲ.

ಖಚಿತಪಡಿಸಿಕೊಳ್ಳಲು ಹಿತ್ತಿಲ ಬಾಗಿಲೊಂದಿದೆ. ಕಂಟ್ರೋಲ್, ಆಲ್ಟ್, ಎಫ್3 ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರವಿಲ್ಲದ, ಬರಿಯ ಅಕ್ಷರಗಳ ಕಪ್ಪು ಪರದೆ ತೆರೆಯುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡು ಕೊಟ್ಟು ಒಳಹೋಗಲು ಸಾಧ್ಯವಾದರೆ ಪಾಸ್‌ವರ್ಡೂ ಸರಿ, ಖಾತೆಯೂ ಸರಿ ಎಂದಾಯಿತು. ಆಮೇಲೆ ಕಾರಣಗಳನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯ ಕಾರಣ ಡಿಸ್ಕು ತುಂಬಿರುವುದು. ಅಂಗಳ ತೆರೆಯುವಾಗ ಯಂತ್ರ ಕೆಲವು ಚಿಕ್ಕ ಕಡತಗಳನ್ನು ಬರೆಯಲೇಬೇಕು. ಹೊಸ ಆವೃತ್ತಿಯನ್ನು ಇಳಿಸಿಕೊಂಡು ಇಳಿಸಿಕೊಂಡು ಜಾಗವೆಲ್ಲ ತುಂಬಿದ್ದರೆ ಬರೆಯಲು ಸ್ಥಳವೆಲ್ಲಿ? ಹಗೇವು ತುಂಬಿ ತುಳುಕುವಾಗ ಇನ್ನೊಂದು ಚೀಲ ಜೋಳವನ್ನು ಎಲ್ಲಿ ಸುರಿಯುವುದು? ಅಕ್ಷರದ ಪರದೆಯಲ್ಲಿ ‘ಡಿಎಫ್’ ಎಂಬ ಎರಡಕ್ಷರದ ಆಜ್ಞೆಯನ್ನು ಕೊಟ್ಟರೆ ಎಷ್ಟು ತುಂಬಿದೆಯೆಂಬ ಲೆಕ್ಕ ಬರುತ್ತದೆ. ನೂರಕ್ಕೆ ನೂರು ಎಂದಿದ್ದರೆ, ಇಳಿಸಿಕೊಂಡು ಬಳಸಿಯಾದ ಪೊಟ್ಟಣಗಳನ್ನು ಅಳಿಸಿದರೆ ಬಾಗಿಲು ತೆರೆದೀತು. ಎರಡನೆಯದು ಒಡೆತನದ ಗೊಂದಲ. ‘ಎಕ್ಸ್‌ಅಥಾರಿಟಿ’ ಎಂಬ ಒಂದು ಮರೆಯ ಕಡತ ನಿಮ್ಮ ಫೋಲ್ಡರಿನಲ್ಲಿದ್ದರೂ ಅದರ ಒಡೆತನ ಯಂತ್ರದ ಮೇಲ್ವಿಚಾರಕ ಖಾತೆಗೆ ಹೋಗಿಬಿಟ್ಟಿರುವುದುಂಟು. ಅದರ ಹೆಸರನ್ನು ಬದಲಿಸಿದರೆ ಸಾಕು, ಮುಂದಿನ ಸಲ ಒಳಹೋಗುವಾಗ ಯಂತ್ರ ಹೊಸದೊಂದನ್ನು ತಾನೇ ಮಾಡಿಕೊಳ್ಳುತ್ತದೆ. ಮೂರನೆಯದು ಅಂಗಳದ ಬಗೆಯೇ ಬದಲಾಗಿರುವುದು. ಲಿನಕ್ಸಿನಲ್ಲಿ ಚಿತ್ರವನ್ನು ಪರದೆಗೆ ತರುವ ಎಕ್ಸಾರ್ಗ್ ಎಂಬ ಹಳೆಯ ಪದ್ಧತಿಯ ಜಾಗಕ್ಕೆ ವೇಲ್ಯಾಂಡ್ ಎಂಬ ಹೊಸ ಪದ್ಧತಿ ಬಂದಿದೆ. 2025ರ ಅಕ್ಟೋಬರಿನಲ್ಲಿ ಬಂದ ಉಬುಂಟು 25.10ರಲ್ಲಿ ಎಕ್ಸಾರ್ಗಿನ ಮೇಲೆ ನಡೆಯುವ ಗ್ನೋಮ್ ಅಂಗಳವನ್ನು ಕೈಬಿಟ್ಟರು. ಹಳೆಯದನ್ನು ನೆಚ್ಚಿಕೊಂಡಿದ್ದವರಿಗೆ ಇಂಥಲ್ಲಿ ತೊಡಕಾಗುವುದು ಸಹಜ. ಬೇರೆ ಬಗೆಗಳೂ ಇರುವ ಯಂತ್ರವಾದರೆ, ಹೆಸರನ್ನು ಆರಿಸಿದ ಮೇಲೆ ಕೆಳಮೂಲೆಯಲ್ಲಿ ಕಾಣುವ ಹಲ್ಲುಚಕ್ರದ ಗುರುತನ್ನು ಒತ್ತಿ ಇನ್ನೊಂದನ್ನು ಆರಿಸಿ ನೋಡಬಹುದು. ನಾಲ್ಕನೆಯದು ಚಿತ್ರಫಲಕದ ಚಾಲಕ ತಂತ್ರಾಂಶ ಹೊಸ ತಿರುಳಿಗೆ ಹೊಂದದಿರುವುದು. ಕರ್ನೆಲ್ ಎಂದು ಕರೆಯುವ ಈ ತಿರುಳಿನ ಹಿಂದಿನ ಪ್ರತಿಯನ್ನು ಉಬುಂಟು ಒಡನೆಯೇ ಎಸೆದುಬಿಡುವುದಿಲ್ಲ. ಯಂತ್ರ ಏಳುವಾಗ ಬರುವ ಪಟ್ಟಿಯಲ್ಲಿ ಹಿಂದಿನ ಕರ್ನೆಲನ್ನು ಆರಿಸಿ ಎಬ್ಬಿಸಿದರೆ, ಹೊಸ ಚಾಲಕವನ್ನು ಹೊಂದಿಸುವವರೆಗೆ ಕೆಲಸ ಸಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವು ಬೀಗಗಳು ನಿಜವಾಗಿಯೂ ಬೀಗಗಳು. ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ರಕ್ಷಣೆಯುಂಟು. ಅದು ಡಿಸ್ಕಿನ ಮೇಲಿನ ಪ್ರತಿಯೊಂದು ಅಕ್ಷರವನ್ನೂ ಗೂಢಲಿಪಿಯಲ್ಲಿ ಇಡುತ್ತದೆ. ಯಂತ್ರದ ಒಳತಂತ್ರಾಂಶ ಬದಲಾದಾಗ, ಇದು ಕಳ್ಳನ ಕೈವಾಡವೋ ಏನೋ ಎಂಬ ಸಂಶಯದಿಂದ ಅದು 48 ಅಂಕಿಗಳ ಒಂದು ಕೀಲಿಕೈಯನ್ನು ಕೇಳುತ್ತದೆ. ಆ ಕೀಲಿಕೈ ಇಲ್ಲದೆ ಡಿಸ್ಕನ್ನು ತೆರೆಯಲು ಮೈಕ್ರೋಸಾಫ್ಟಿನವರಿಗೂ ಸಾಧ್ಯವಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಮೊದಲಿಗಿಂತ ಹೆಚ್ಚಿನ ಯಂತ್ರಗಳಲ್ಲಿ ಈ ಬಗೆಯ ರಕ್ಷಣೆ ಯಾರೂ ಕೇಳದೆಯೇ ಜಾರಿಗೆ ಬರುತ್ತದೆ. ಕೀಲಿಕೈಯ ಪ್ರತಿ ಆ ಖಾತೆಯಲ್ಲಿ ಉಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಯಂತ್ರ ಕೊಂಡವರು, “ನಿಮ್ಮದೇ ಮೇಲ್ ಹಾಕಿ ಚಾಲೂ ಮಾಡಿಕೊಡ್ರಿ” ಎಂದು ಅಂಗಡಿಯ ಹುಡುಗನಿಗೆ ಹೇಳುವುದು ನಮ್ಮಲ್ಲಿ ಅಪರೂಪವಲ್ಲ. ಆಗ ನಿಮ್ಮ ಮನೆಯ ಕೀಲಿಕೈ ಆ ಹುಡುಗನ ಖಾತೆಯಲ್ಲಿರುತ್ತದೆ. ಎರಡು ವರ್ಷದ ಮೇಲೆ ಅವನು ಕೆಲಸ ಬಿಟ್ಟು ಹೈದರಾಬಾದಿಗೋ ಪುಣೆಗೋ ಹೋಗಿದ್ದರೆ, ಬೀಗದ ಮುಂದೆ ನೀವೊಬ್ಬರೇ. ರಕ್ಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ಊರವರ ಆಧಾರ್ ಪ್ರತಿಗಳನ್ನು ಇಟ್ಟುಕೊಂಡ ಯಂತ್ರಕ್ಕೆ ರಕ್ಷಣೆ ಬೇಕೇ ಬೇಕು. ಕೀಲಿಕೈ ಯಾರ ಬಳಿ ಇದೆಯೆಂಬುದು ನಿಮಗೆ ಗೊತ್ತಿರಬೇಕು, ಅಷ್ಟೆ.

ಇದರ ಬೆಲೆ ಜಗತ್ತಿಗೆ ತಿಳಿದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ತನ್ನ ರಕ್ಷಣಾ ತಂತ್ರಾಂಶಕ್ಕೆ ಕಳಿಸಿದ ಒಂದು ದೋಷಯುಕ್ತ ತಿದ್ದುಪಡಿಯಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದುಕೊಟ್ಟರು. ಪರಿಹಾರವೇನೋ ಚಿಕ್ಕದು: ದುರಸ್ತಿಯ ಬಾಗಿಲಿನಿಂದ ಒಳಹೋಗಿ ಒಂದು ಕಡತವನ್ನು ಅಳಿಸಿದರೆ ಮುಗಿಯಿತು. ಆದರೆ ಸಾವಿರಾರು ಯಂತ್ರಗಳು ಆ ಬಾಗಿಲಿನಲ್ಲಿಯೇ 48 ಅಂಕಿಗಳ ಕೀಲಿಕೈಯನ್ನು ಕೇಳಿದವು. ಅದನ್ನು ಬರೆದಿಟ್ಟುಕೊಂಡವರು ಬೇಗ ಎದ್ದು ನಿಂತರು, ಇಲ್ಲದವರು ಹುಡುಕಾಡಿದರು. ಅಂದು ಯಾರ ಕಡತವೂ ಹಾಳಾಗಿರಲಿಲ್ಲ, ಬಾಗಿಲು ಮಾತ್ರ ಮುಚ್ಚಿತ್ತು ಎಂಬುದನ್ನು ಗಮನಿಸಿ.

ಹೊಸ ಆವೃತ್ತಿಯಿಂದಲೇ ತೊಂದರೆಯೆಂದು ಖಚಿತವಾದರೆ ಹಿಂದಕ್ಕೆ ಹೋಗುವ ದಾರಿಯೂ ಇದೆ. ವಿಂಡೋಸ್ 11ಕ್ಕೆ ಏರಿದ 10 ದಿನಗಳೊಳಗೆ, ಹಳೆಯ ಕಡತಗಳನ್ನು ಅಳಿಸಿರದಿದ್ದರೆ, ಹಿಂದಿನ ಆವೃತ್ತಿಗೆ ಮರಳಬಹುದು. ಒಳಹೋಗಲಾಗದಿದ್ದರೂ ಬಾಗಿಲಿನ ಪರದೆಯಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ‘ರಿಸ್ಟಾರ್ಟ್’ ಎಂಬುದನ್ನು ಆರಿಸಿದರೆ ದುರಸ್ತಿಯ ಕೋಣೆ ತೆರೆಯುತ್ತದೆ. ಇತ್ತೀಚಿನ ತಿದ್ದುಪಡಿಯನ್ನು ತೆಗೆದುಹಾಕುವ ಆಯ್ಕೆ ಅಲ್ಲಿದೆ. ಇದಾವುದೂ ಫಲಿಸದಿದ್ದಲ್ಲಿ, ಗೂಢಲಿಪಿಯಿಲ್ಲದ ಡಿಸ್ಕಾದರೆ, ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಸಾಗಿಸಬಹುದು. ಫಾರ್ಮ್ಯಾಟಿನ ಸರದಿ ಬರುವುದು ಅದಾದ ಮೇಲೆ. ಹುಮನಾಬಾದಿಗೋ ಬೀದರಿಗೋ ಯಂತ್ರವನ್ನು ಹೊತ್ತೊಯ್ದವರು ದುರಸ್ತಿಯವನಿಗೆ ಹೇಳಬೇಕಾದ ಮೊದಲ ಮಾತೂ ಇದೇ: “ಮೊದಲು ಫೈಲ್ ತೆಗೆದು ಕೊಡ್ರಿ, ಆಮೇಲೆ ಏನು ಬೇಕಾದ್ದು ಮಾಡ್ರಿ.”

ಬಂದ ಮೇಲೆ ಮಾಡುವ ಚಿಕಿತ್ಸೆಗಿಂತ ಬಾರದಂತೆ ಮಾಡುವ ಪಥ್ಯ ಲೇಸು. ಆವೃತ್ತಿಯನ್ನು ಏರಿಸುವ ಮುನ್ನ ಐದು ಕೆಲಸ ಮಾಡಿ. ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿಡಿ. ಪಿನ್ನಿಗೆ ಬೆನ್ನುಕೊಟ್ಟು ಮರೆತ ಪಾಸ್‌ವರ್ಡನ್ನು ಒಮ್ಮೆ ಬಳಸಿ ನೋಡಿ. 48 ಅಂಕಿಗಳ ಕೀಲಿಕೈ ಇದ್ದರೆ ಕಾಗದದ ಮೇಲೆ ಬರೆದು ಮನೆಯ ದಸ್ತಾವೇಜುಗಳ ಜೊತೆ ಇಡಿ. ಮೇಲ್ವಿಚಾರಕ ಅಧಿಕಾರವುಳ್ಳ ಎರಡನೆಯ ಖಾತೆಯೊಂದನ್ನು ತೆರೆದು ಅದರ ಗುಟ್ಟನ್ನು ನಂಬಿಕೆಯ ಇನ್ನೊಬ್ಬರಿಗೆ ತಿಳಿಸಿರಿ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಒಳಹೋಗಿ ಮೊದಲನೆಯದನ್ನು ಸರಿಪಡಿಸಬಹುದು. ಐದನೆಯದು ಹೊತ್ತು ಗೊತ್ತು. ಅರ್ಜಿ ಸಲ್ಲಿಸುವ ಕೊನೆಯ ದಿನದ ಹಿಂದಿನ ರಾತ್ರಿ ಹೊಸ ತಂತ್ರಾಂಶವನ್ನು ಹಾಕಬೇಡಿ. ಕೆಲಸ ಕಡಿಮೆಯಿರುವ ದಿನ, ವಿದ್ಯುತ್ತು ಹೋದರೂ ನಡೆಯುವ ಏರ್ಪಾಡು ಇದ್ದಾಗ ಹಾಕಿ. ಹಾಗೆಂದು ಹೊಸದನ್ನು ಹಾಕದೆಯೇ ಇರುವುದೂ ಜಾಣತನವಲ್ಲ. ರಕ್ಷಣೆಯ ತಿದ್ದುಪಡಿಗಳು ನಿಂತುಹೋದ ಯಂತ್ರಕ್ಕೆ ಕಳ್ಳರ ಕಾಟ ಹೆಚ್ಚು.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದಕ್ಕೊಂದು ಪಾಠವಿದೆ. 1948ರ ಸೆಪ್ಟೆಂಬರಿನವರೆಗೆ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕ್ರಮೇಣ ಕಚೇರಿಗೆ ಕನ್ನಡ ಬಂತು. ಬರಬೇಕಾದದ್ದೇ ಬಂತು, ನಮಗೆಲ್ಲ ಸಂತೋಷವೇ. ಆದರೆ ಅಜ್ಜನ ಕಾಲದ ಹೊಲದ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೂ ಅದನ್ನು ಓದಿ ಹೇಳುವವರನ್ನು ಹುಡುಕಿಕೊಂಡು ಹೋಗಬೇಕಾದ ಮನೆಗಳು ಇಲ್ಲಿ ಇಲ್ಲದಿಲ್ಲ. ಕಾಗದ ಹಾಳಾಗಿರಲಿಲ್ಲ, ಒಳಹೋಗುವ ದಾರಿ ಬದಲಾಗಿತ್ತು. ಓದಲು ಬರುವುದಿಲ್ಲವೆಂದು ಆ ಕಾಗದವನ್ನು ಒಲೆಗೆ ಹಾಕಿದವರು ಕಳೆದುಕೊಂಡರು. ಎತ್ತಿಟ್ಟು, ಓದಬಲ್ಲವರನ್ನು ಹುಡುಕಿದವರು ತಮ್ಮ ಹೊಲದ ಹಕ್ಕನ್ನು ಉಳಿಸಿಕೊಂಡರು.

ಇಂದು ಆ ಪೆಟ್ಟಿಗೆಯ ಜಾಗಕ್ಕೆ ಕಂಪ್ಯೂಟರು ಬಂದಿದೆ. ಅದರ ತಂತ್ರಾಂಶ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಕಡತದ ಒಂದು ಪ್ರತಿಯನ್ನು ಹೊರಗೆ ಇಡುವುದು, ಕೀಲಿಕೈ ಎಲ್ಲಿದೆಯೆಂದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರುವಂತೆ ನೋಡಿಕೊಳ್ಳುವುದು. ನಾಳೆ ಬೆಳಗ್ಗೆ ನಿಮ್ಮ ಕಂಪ್ಯೂಟರು ಒಳಗೆ ಬಿಡದಿದ್ದರೆ ಮೊದಲು ಭಾಷೆಯ ಗುರುತನ್ನು ನೋಡಿ, ಆಮೇಲೆ ಉಳಿದದ್ದು.